ತಗಡಿನ ಬೆವರು

ಮಾಗಿ ಚಳಿ. ಮಳೆ ಇಲ್ಲ. ಆದರೂ ಬೆಳಗಿನ ಜಾವ ತಗಡಿನ ಶೀಟಿನಿಂದ ಹನಿ ಬೀಳುತ್ತದೆ. ಅಕ್ಕಿ ಮೂಟೆ ನೆನೆಯುತ್ತದೆ. ಶೀಟು ತೂತಾಗಿದೆ ಅಂತ ಡಾಂಬರಿಗೆ ದುಡ್ಡು ಹಾಕುತ್ತೇವೆ. ಹನಿ ನಿಲ್ಲುವುದಿಲ್ಲ.

ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡೋಣ. ಒಳಗೆಲ್ಲ ನೀರು. ಮುಚ್ಚಳ ತೂತಾಗಿದೆಯೇ? ಇಲ್ಲ. ಅದು ಹಬೆ. ನಮ್ಮ ಉಸಿರು, ಒಲೆಯ ಹಬೆ, ಒಳಗೆ ಹರವಿದ ಒದ್ದೆ ಬಟ್ಟೆಯ ತೇವ, ಎಲ್ಲವೂ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತವೆ.

ಮಳೆ ಬಂದಾಗ ಮಾತ್ರ ತೊಟ್ಟಿಕ್ಕಿದರೆ ಅದು ಸೋರಿಕೆ. ಹೆಚ್ಚಾಗಿ ಮೊಳೆಯ ಬುಡದಲ್ಲಿ. ಅಲ್ಲಿ ವಾಷರು, ಡಾಂಬರು ಹಾಕಿಸೋಣ.

ಹಬೆಗೆ ಡಾಂಬರು ಬೇಡ, ಗಾಳಿ ಬೇಕು. ಶೀಟಿನ ಕೆಳಗಿನ ಸಂದಿಗೆ ಗೋಣಿ ತುರುಕಬಾರದು. "ಚಳಿ ಆಗ್ತದಲ್ಲ" ಅನ್ನುತ್ತೀರಿ. ಎದುರುಬದುರು ಗೇಣಗಲ ಬಿಟ್ಟರೂ ಆದೀತು. ಬಟ್ಟೆ ಜಗಲಿಯಲ್ಲಿ ಒಣಗಲಿ. ಮೂಟೆ ಹಲಗೆಯ ಮೇಲಿರಲಿ.