ಬಾಗಿಲಿಗೆ ಬಂದ ರಸ್ತೆ

ರೈಲು ನಿಲ್ದಾಣದವರೆಗೆ ಬರುತ್ತದೆ. ಹಡಗು ಬಂದರಿನವರೆಗೆ ಬರುತ್ತದೆ. ಮನೆಯ ಬಾಗಿಲವರೆಗೆ ಬರುವುದು ರಸ್ತೆಯೊಂದೇ. ರೈಲಿನಲ್ಲಿ ಬಂದ ಗೊಬ್ಬರದ ಮೂಟೆಯೂ ಹಡಗಿನಲ್ಲಿ ಬಂದ ಯಂತ್ರವೂ ಕೊನೆಯ ಕೆಲವು ಮೈಲಿಗಳನ್ನು ರಸ್ತೆಯ ಮೇಲೆಯೇ ಕ್ರಮಿಸಬೇಕು. ನಮ್ಮ ದೇಶದ ಜನರು ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಲ್ಲಿ ಚದುರಿ ನೆಲಸಿದ್ದಾರೆ. ಅಷ್ಟೂ ಹಳ್ಳಿಗಳಿಗೆ ಹಳಿ ಹಾಸುವುದು ಯಾವ ಸರ್ಕಾರಕ್ಕೂ ಸಾಧ್ಯವಾಗದ ಮಾತು. ಆದುದರಿಂದ ಭಾರತದಂತಹ ಅಭಿವೃದ್ಧಿಶೀಲ ರಾಷ್ಟ್ರದಲ್ಲಿ ರಸ್ತೆ ಸಾರಿಗೆಗೆ ವಿಶೇಷವಾದ ಸ್ಥಾನವುಂಟು. ಹಳಿಯ ಮೇಲೆ ರೈಲಿಗಲ್ಲದೆ ಬೇರಾವುದಕ್ಕೂ ಅವಕಾಶವಿಲ್ಲ. ರಸ್ತೆಯಾದರೋ ಎತ್ತಿನ ಗಾಡಿಗೂ, ಸೈಕಲ್ಲಿಗೂ, ಲಾರಿಗೂ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸಿಗೂ ಸಮಾನವಾಗಿ ತೆರೆದಿದೆ. ಅದರ ಉಪಕಾರವೂ ಅಪಕಾರವೂ ಹುಟ್ಟುವುದು ಈ ಒಂದೇ ಗುಣದಿಂದ.

ಮೊದಲು ಉಪಕಾರವನ್ನು ನೋಡೋಣ. ಒಳ್ಳೆಯ ರಸ್ತೆಯಿಲ್ಲದ ಹಳ್ಳಿಯಲ್ಲಿ ಹಸು ಸಾಕಿದವನು ಹಾಲನ್ನು ಹಾಲಾಗಿಯೇ ಮಾರುವಂತಿರಲಿಲ್ಲ. ಕರೆದ ಹಾಲು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಅದನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ, ತುಪ್ಪವನ್ನು ಸಂತೆಗೆ ಒಯ್ಯಬೇಕಾಗಿತ್ತು. ಇಂದು ಕರ್ನಾಟಕದ ಸಾವಿರಾರು ಹಳ್ಳಿಗಳ ಸಹಕಾರ ಸಂಘಗಳಿಗೆ ಬೆಳಗ್ಗೆ ಮತ್ತು ಸಂಜೆ ಹಾಲು ಬಂದು ಸೇರುತ್ತದೆ. ಅಲ್ಲಿಂದ ವಾಹನದಲ್ಲಿ ಶೀತಲ ಕೇಂದ್ರಕ್ಕೂ ಡೈರಿಗೂ ಹೋಗುತ್ತದೆ. ಒಂದೆರಡು ಹಸುಗಳನ್ನಷ್ಟೇ ನಂಬಿದ ಬಡ ಸಂಸಾರಕ್ಕೂ ಹೀಗೆ ನಿಯತವಾಗಿ ನಗದು ಹಣ ದೊರೆಯುತ್ತದೆ. ಹಾಲಿನ ಕ್ರಾಂತಿಯ ಕೀರ್ತಿಯನ್ನು ಹಸುವಿಗೂ ಸಹಕಾರಕ್ಕೂ ಕೊಡುವ ನಾವು ರಸ್ತೆಯನ್ನು ನೆನೆಯುವುದು ಕಡಿಮೆ.

ಲಾಭ ಬರುವ ಕಡೆಗೆ ಮಾತ್ರ ಬಸ್ಸು ಓಡಿದರೆ ಚಿಕ್ಕ ಹಳ್ಳಿಗಳ ಗತಿಯೇನು? ಈ ಪ್ರಶ್ನೆಗೆ ಸಾರ್ವಜನಿಕ ಸಾರಿಗೆಯೇ ಉತ್ತರ. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಗಿ ಮಾರ್ಪಟ್ಟಿತು. ಆದರೆ ಬಸ್ಸು ಬರಬೇಕಾದರೆ ಮೊದಲು ದಾರಿ ಬೇಕು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮಳೆ ಹಿಡಿಯಿತೆಂದರೆ ಗಾಡಿಯ ಗಾಲಿ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತೊಯ್ಯಬೇಕಾದ ಹಳ್ಳಿಗಳು ಒಂದೆರಡಲ್ಲ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಮಳೆಗಾಲದ ಹಾಜರಿ ಪುಸ್ತಕವೊಂದನ್ನು ನೋಡಿದರೆ ಸಾಕಾಗಿತ್ತು, ಯಾವ ಊರಿನ ಹಳ್ಳಕ್ಕೆ ಸೇತುವೆಯಿಲ್ಲವೆಂಬುದು ತಿಳಿಯುತ್ತಿತ್ತು. ಮೊದಲು ಶಾಲೆ ಬಿಡುತ್ತಿದ್ದವರು ಹೆಣ್ಣುಮಕ್ಕಳೇ. 2000ದಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಗ್ರಾಮ ಸಡಕ್ ಯೋಜನೆಯು ಬಯಲು ಸೀಮೆಯಲ್ಲಿ 500 ಜನರಿರುವ, ಗುಡ್ಡಗಾಡಿನಲ್ಲಿ 250 ಜನರಿರುವ ಜನವಸತಿಗಳಿಗೂ ಸರ್ವಋತು ರಸ್ತೆಯನ್ನು ಒದಗಿಸುವ ಗುರಿಯನ್ನಿಟ್ಟುಕೊಂಡಿತು. ಸರ್ವಋತು ಎಂಬ ಮಾತಿನ ಬೆಲೆ ಹಳ್ಳ ದಾಟಿ ಬಂದವರಿಗೇ ಗೊತ್ತು.

ಇನ್ನು ರಸ್ತೆ ಸಾರಿಗೆಗೆ ನಾವು ತೆರುವ ಬೆಲೆಯನ್ನು ಗಮನಿಸೋಣ. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಘರ್ಷಣೆ ಕಡಿಮೆ. ಡಾಂಬರಿನ ಮೇಲೆ ಉರುಳುವ ರಬ್ಬರಿನ ಗಾಲಿಗೆ ಅದು ಹೆಚ್ಚು. ಆದುದರಿಂದ ಅಷ್ಟೇ ಸರಕನ್ನು ಅಷ್ಟೇ ದೂರ ಸಾಗಿಸಲು ರೈಲಿಗಿಂತ ಲಾರಿಗೆ ಹೆಚ್ಚು ಇಂಧನ ಬೇಕು. ನೂರು ಲಾರಿಗಳಿಗೂ ಮಿಕ್ಕ ಹೊರೆಯನ್ನು ಒಂದು ಸರಕು ರೈಲು ಎಳೆಯಬಲ್ಲುದು. ನಾವು ಬಳಸುವ ಕಚ್ಚಾ ತೈಲದ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಹೀಗಿದ್ದೂ ದೇಶದ ಸರಕಿನಲ್ಲಿ ಬಹುಪಾಲು ಸಾಗುವುದು ರಸ್ತೆಯ ಮೇಲೆಯೇ. ಅತಿಭಾರ ಹೇರುವ ಚಪಲ ಇದಕ್ಕೆ ಕೂಡಿಕೊಂಡಿದೆ. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಸವೆತ ಇಮ್ಮಡಿಯಲ್ಲ, ಸುಮಾರು ಹದಿನಾರು ಪಟ್ಟು! ಒಂದು ಲಾರಿಯ ಒಡೆಯನು ಒಂದು ಬಾರಿಯ ಬಾಡಿಗೆ ಉಳಿಸಿದ್ದಕ್ಕೆ ಊರಿಗೆ ಊರೇ ಗುಂಡಿಗಳಲ್ಲಿ ದಂಡ ತೆರುತ್ತದೆ.

ಇವೆಲ್ಲವೂ ಹಣದ ನಷ್ಟಗಳು, ಹೇಗಾದರೂ ತುಂಬಿಕೊಳ್ಳಬಹುದು. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಅರ್ಧಕ್ಕೆ ಸಮೀಪದವರು ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಐವರಲ್ಲಿ ಸುಮಾರು ಒಬ್ಬರು ಕಾಲುನಡಿಗೆಯವರು. ಈ ಎರಡನೆಯ ಸಂಖ್ಯೆ ನನ್ನನ್ನು ಹೆಚ್ಚು ಕಾಡುತ್ತದೆ. ಹೆದ್ದಾರಿ ಅಗಲವಾಗುವಾಗ ಅನೇಕ ಕಡೆ ಊರು ಒಂದು ಬದಿಗೆ, ಹೊಲ ಮತ್ತೊಂದು ಬದಿಗೆ ಉಳಿಯುತ್ತದೆ. ಎಷ್ಟೋ ತಲೆಮಾರುಗಳಿಂದ ದನ ಹೊಡೆದುಕೊಂಡು ನಡೆದ ದಾರಿಯನ್ನು ಈಗ ಗಂಟೆಗೆ ನೂರು ಕಿಲೋಮೀಟರಿನ ವೇಗಗಳು ತುಂಡರಿಸಿವೆ. ದೂರದ ನಗರಗಳ ಪ್ರಯಾಣಿಕರಿಗೆ ಅರ್ಧ ಗಂಟೆ ಉಳಿಯಿತು, ನಿಜ. ಆದರೆ ಆ ಉಳಿತಾಯದ ಲೆಕ್ಕದಲ್ಲಿ, ಹುಲ್ಲಿನ ಹೊರೆ ಹೊತ್ತು ವಿಭಜಕದ ಬಳಿ ಕಾಯುತ್ತ ನಿಂತ ಮುದುಕಿಯ ಹೊತ್ತನ್ನು ಯಾರು ಹಿಡಿಯುತ್ತಾರೆ? ರಸ್ತೆ ಎಲ್ಲರಿಗೂ ತೆರೆದಿದೆಯೆಂದ ಮೇಲೆ ಕೆಳದಾರಿಯೂ ಕಾಲುಹಾದಿಯೂ ರಸ್ತೆಯ ಅಂಗಗಳೇ ಆಗಬೇಕು. ಅವುಗಳನ್ನು ಅನಂತರ ಸೇರಿಸುವ ಅಲಂಕಾರವೆಂದು ಎಣಿಸುವುದು ಅನ್ಯಾಯ.

ಗಾಯಗೊಂಡವನನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಅಂಜಿಕೆಯೂ ಅನೇಕ ಸಾವುಗಳಿಗೆ ಕಾರಣವಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯು, ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆಯನ್ನು ಕೊಟ್ಟಿದೆ. ಇದನ್ನು ಹಿರಿಯರಿಗೂ ತಿಳಿಸಿರಿ.

ಹಾನಿ ಮನುಷ್ಯರಿಗೆ ಮಾತ್ರವಲ್ಲ. ಬಂಡೀಪುರದ ಕಾಡನ್ನು ಸೀಳಿಕೊಂಡು ಗುಂಡ್ಲುಪೇಟೆಯಿಂದ ಊಟಿಗೊಂದು, ಕೇರಳದ ವಯನಾಡಿಗೊಂದು ಹೆದ್ದಾರಿ ಹೋಗುತ್ತವೆ. ರಾತ್ರಿಯ ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುತ್ತಿದ್ದುದರಿಂದ 2009ರಲ್ಲಿ ಇರುಳಿನ ಸಂಚಾರವನ್ನು ನಿಷೇಧಿಸಲಾಯಿತು. ಮರುವರ್ಷ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೇರಳದವರ ಆಕ್ಷೇಪಣೆ ಇಂದಿಗೂ ನಿಂತಿಲ್ಲ. ಅವರ ವಾದವನ್ನೂ ತಳ್ಳಿಹಾಕಲಾಗದು. ಗುಂಡ್ಲುಪೇಟೆಯ ತರಕಾರಿ ಅವರ ಅಡುಗೆಮನೆಗೆ ಹೋಗಬೇಕು. ಸುತ್ತು ದಾರಿ ಉದ್ದ, ಖರ್ಚು ಹೆಚ್ಚು. ಆದರೂ ರಾತ್ರಿ ಒಂಬತ್ತಕ್ಕೆ ತಡೆಗಂಬ ಇಳಿಯುತ್ತದೆ. ಆಂಬುಲೆನ್ಸ್ ಮತ್ತು ಗೊತ್ತುಪಡಿಸಿದ ಕೆಲವೇ ಬಸ್ಸುಗಳನ್ನುಳಿದು ಬೇರಾವ ವಾಹನವೂ ಮುಂದೆ ಹೋಗುವಂತಿಲ್ಲ. ಲಾರಿಗಳು ಸಾಲಾಗಿ ನಿಲ್ಲುತ್ತವೆ. ಬೆಳಗಿನ ಆರು ಗಂಟೆಯವರೆಗೆ ಆ ದಾರಿ ಆನೆಗಳದು.