ಗಂಟೆ ನಿಂತಿತು, ದೋಷ ನಿಂತಿತೇ?

ದೊಡ್ಡ ಕಚೇರಿಯೊಂದರ ಟೆಲಿಫೋನುಗಳನ್ನೆಲ್ಲ ಪರಸ್ಪರ ಕೂಡಿಸುವ ಯಂತ್ರವೇ ಅಲ್ಲಿನ ಖಾಸಗಿ ಎಕ್ಸ್‌ಚೇಂಜು. ಅದರಲ್ಲಿ ದೋಷವುಂಟಾದರೆ ನಮಗೆ ತಿಳಿಯುವುದು ಹೇಗೆ?

ಮನೆಯ ಫ್ಯೂಸಿನ ತಂತಿ ಕರಗಿದರೆ ವಿದ್ಯುನ್ಮಂಡಲ ಕಡಿಯುತ್ತದೆ, ಅಷ್ಟೆ. 48 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಎಕ್ಸ್‌ಚೇಂಜುಗಳಲ್ಲಿ ಬಳಸುವ ಒಂದು ಬಗೆಯ ಫ್ಯೂಸು ಇದಕ್ಕಿಂತ ಜಾಣತನದ್ದು. ಅದರ ತಂತಿಯು ಪುಟ್ಟ ಸ್ಪ್ರಿಂಗೊಂದನ್ನು ಬಿಗಿಹಿಡಿದಿರುತ್ತದೆ. ಮಿತಿಮೀರಿದ ವಿದ್ಯುತ್ತು ಹರಿದು ತಂತಿ ಕರಗಿದೊಡನೆಯೇ ಸ್ಪ್ರಿಂಗು ಚಿಮ್ಮಿ ಇನ್ನೊಂದು ಮಂಡಲವನ್ನು ಮುಟ್ಟುತ್ತದೆ. ಆಗ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ.

ಇಂದಿನ ಕಂಪ್ಯೂಟರ್ ನಿಯಂತ್ರಿತ ಎಕ್ಸ್‌ಚೇಂಜುಗಳು ಎಚ್ಚರಿಕೆಗಳನ್ನು ಹಿರಿದು, ಕಿರಿದು ಎಂದು ವಿಂಗಡಿಸಿ, ಸಂಭವಿಸಿದ ವೇಳೆಯೊಡನೆ ಬರೆದಿಡುತ್ತವೆ. ನಾವು ಮೊದಲು ಆ ದಾಖಲೆಯನ್ನು ಓದಬೇಕು. ಕಾರಣವನ್ನು ಹುಡುಕಿ ಸರಿಪಡಿಸಬೇಕು. ಆ ಬಳಿಕವೇ ಎಚ್ಚರಿಕೆಯನ್ನು ಅಳಿಸಬೇಕು. ಅಳಿಸಿದ ಎಚ್ಚರಿಕೆ ಮರಳಿ ಬಂದಿತೆಂದರೆ ದೋಷವು ಇನ್ನೂ ಉಳಿದಿದೆಯೆಂದು ತಿಳಿಯಬೇಕು.

ಸದ್ದನ್ನು ತಾಳಲಾರದೆ ಗಂಟೆಯನ್ನಷ್ಟೇ ನಿಲ್ಲಿಸಿ ನಾವು ಸುಮ್ಮನಾದೆವೆನ್ನೋಣ. ಮುಂದೊಂದು ದಿನ ಸಹೋದ್ಯೋಗಿಯೊಬ್ಬರಿಗೆ ಎದೆನೋವು ಬಂದಾಗ, 112ಕ್ಕೆ ಕರೆಮಾಡಲು ಕೈಗೆತ್ತಿಕೊಂಡ ಟೆಲಿಫೋನು ಮೂಕವಾಗಿದ್ದೀತು! ಜ್ವರಮಾಪಕವನ್ನು ಒಡೆದುಹಾಕಿದ ಮಾತ್ರಕ್ಕೆ ಜ್ವರ ಇಳಿಯುವುದುಂಟೇ?