ಪಠ್ಯಪುಸ್ತಕವನ್ನು ತೆಗೆಯುವವರು ಯಾರು?

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಕೆಲವರು ಹಗಲು ದುಡಿದು ಬಿ.ಎ. ಪರೀಕ್ಷೆಗೆ ಕೂಡುವವರು. ತಾವು ಓದುವ ಪಠ್ಯವನ್ನು ಯಾರು ಗೊತ್ತುಮಾಡುತ್ತಾರೆ, ಯಾರು ತೆಗೆಯಬಲ್ಲರು ಎಂಬುದು ಅವರಿಗಂತೂ ತಿಳಿದಿರಬೇಕು. ಇದೇ ಊರಿನಲ್ಲಿ 2010ರಲ್ಲಿ ನಡೆದ ಪ್ರಕರಣವೊಂದನ್ನು ನೋಡೋಣ.

ರೋಹಿಂಟನ್ ಮಿಸ್ತ್ರಿ ಮುಂಬಯಿಯಲ್ಲಿ ಹುಟ್ಟಿದ ಪಾರ್ಸಿ ಲೇಖಕರು. 1975ರಲ್ಲಿ ಕೆನಡಾಕ್ಕೆ ಹೋಗಿ ಕೆಲಕಾಲ ಬ್ಯಾಂಕಿನಲ್ಲಿ ದುಡಿದರು. 1991ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕಾದಂಬರಿ ‘ಸಚ್ ಎ ಲಾಂಗ್ ಜರ್ನಿ’. ಅದರ ನಾಯಕ ಗುಸ್ತಾದ್ ನೋಬಲ್ ಸಹ ಬ್ಯಾಂಕಿನ ಗುಮಾಸ್ತನೇ. 1971ರ ಯುದ್ಧಕಾಲದ ಮುಂಬಯಿ, ಮಗ ಐ.ಐ.ಟಿ. ಸೇರಲೊಲ್ಲನೆಂಬ ಕೊರಗು, ತಿಂಗಳ ಕೊನೆಯ ಲೆಕ್ಕಾಚಾರ. ಗುಮಾಸ್ತರ ಬಾಳನ್ನು ಇಷ್ಟು ಹತ್ತಿರದಿಂದ ಕಂಡ ಕಾದಂಬರಿಗಳು ಕಡಿಮೆ. ಪಾತ್ರಗಳು ಮಾತಿನ ಭರದಲ್ಲಿ ಶಿವಸೇನೆಯನ್ನು ಬೈಯುತ್ತವೆ, ಇಂದಿರಾ ಗಾಂಧಿಯವರನ್ನೂ ಬಿಡುವುದಿಲ್ಲ. ಮಾತು ಒರಟೇ ಸರಿ; ಅದನ್ನು ನಾವು ಮುಚ್ಚಿಡುವುದಿಲ್ಲ.

ಮುಂಬಯಿ ವಿಶ್ವವಿದ್ಯಾಲಯದ ಎರಡನೆಯ ವರ್ಷದ ಬಿ.ಎ. ಇಂಗ್ಲಿಷಿಗೆ ಈ ಪುಸ್ತಕ ಪಠ್ಯವಾಗಿತ್ತು. ಶಿವಸೇನೆಯ ವಿದ್ಯಾರ್ಥಿ ಶಾಖೆ ಆಕ್ಷೇಪವೆತ್ತಿತು. ವಿಶ್ವವಿದ್ಯಾಲಯದ ಬಾಗಿಲಲ್ಲಿ ಪ್ರತಿಗಳು ಬೆಂಕಿಗೆ ಬಿದ್ದವು. ಸ್ವಲ್ಪದರಲ್ಲೇ ಉಪಕುಲಪತಿ ರಾಜನ್ ವೇಳೂಕರ್ ಪುಸ್ತಕವನ್ನು ಪಠ್ಯದಿಂದ ತೆಗೆದರು. ಆಗಿನ ಮುಖ್ಯಮಂತ್ರಿ ಕಾಂಗ್ರೆಸ್ಸಿನ ಅಶೋಕ್ ಚವಾಣ್; ಅವರೂ ಆ ಭಾಷೆ ಆಕ್ಷೇಪಾರ್ಹವೆಂದೇ ಹೇಳಿದರು. ವಿಧಾನಸಭೆಯಲ್ಲಿ ಎದುರುಬದುರು ಕೂಡುವವರು ಇದೊಂದರಲ್ಲಿ ಒಂದಾದರು!

ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ತೆಗೆದ ರೀತಿಯನ್ನು ಗಮನಿಸಬೇಕು. ಪಠ್ಯವನ್ನು ಆರಿಸುವುದು ಆಯಾ ವಿಷಯದ ಅಧ್ಯಾಪಕರಿರುವ ಬೋರ್ಡ್ ಆಫ್ ಸ್ಟಡೀಸ್. ಅದಕ್ಕೆ ಒಪ್ಪಿಗೆ ಕೊಡುವುದು ಅಕಾಡೆಮಿಕ್ ಕೌನ್ಸಿಲ್. ಅವರೊಡನೆ ಕೂತು ವಾದಿಸಿ ಪುಸ್ತಕವನ್ನು ಬದಲಿಸಬಹುದಿತ್ತು. ಹಾಗಾಗಲಿಲ್ಲ. 1994ರ ಮಹಾರಾಷ್ಟ್ರ ವಿಶ್ವವಿದ್ಯಾಲಯ ಕಾಯ್ದೆಯ 14ನೆಯ ಕಲಮು ಉಪಕುಲಪತಿಗೆ ತುರ್ತು ಅಧಿಕಾರ ಕೊಟ್ಟಿತ್ತು: ಮಂಡಳಿ ಸೇರುವಷ್ಟು ಹೊತ್ತಿಲ್ಲದಾಗ ತಾವೇ ಕ್ರಮ ಕೈಗೊಂಡು ಆಮೇಲೆ ವರದಿ ಒಪ್ಪಿಸಬಹುದು. ಪ್ರಶ್ನಪತ್ರಿಕೆ ಸೋರಿದಾಗ, ಪರೇಲಿನ ಹಳಿಗಳ ಮೇಲೆ ನೀರು ನಿಂತು ಪರೀಕ್ಷೆ ಮುಂದೂಡಬೇಕಾದಾಗ ಇಂಥ ಅಧಿಕಾರ ಬೇಕೇ ಬೇಕು. ಹತ್ತೊಂಬತ್ತು ವರ್ಷ ಹಳೆಯ ಕಾದಂಬರಿಯೊಂದಕ್ಕೆ ಎಂತಹ ತುರ್ತು? ಆ ಕಾಯ್ದೆ ಈಗಿಲ್ಲ, 2016ರ ಹೊಸದು ಬಂದಿದೆ. ತುರ್ತು ಅಧಿಕಾರ ಮಾತ್ರ ಅದರಲ್ಲೂ ಉಳಿದಿದೆ.

ನಮ್ಮ ಕನ್ನಡ ನಾಡಿನಲ್ಲಿ ಇಂಥದ್ದಿಲ್ಲವೆಂದು ಹೆಮ್ಮೆಪಡುವ ಹಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದಲ್ಲಿ ಬರೆದ ಸಂಶೋಧನೆಯ ಮಾತುಗಳನ್ನು 1989ರಲ್ಲಿ ಮತೀಯ ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. ಅಲ್ಲಿ ಒತ್ತಾಯ ಪಕ್ಷದ್ದಲ್ಲ, ಸ್ವಂತ ಸಮಾಜದ್ದು. 2015ರ ಆಗಸ್ಟ್ 30ರಂದು ಅವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಮಿಸ್ತ್ರಿಯವರ ಪುಸ್ತಕ ಪಠ್ಯದಿಂದ ಹೋಯಿತೇ ಹೊರತು ಅಂಗಡಿಯಿಂದ ಹೋಗಲಿಲ್ಲ. ನಮ್ಮ ಇಂಗ್ಲಿಷ್ ಕಪಾಟಿನಲ್ಲಿ ಒಂದು ಪ್ರತಿ ಇದೆ, ಕೇಳಿ ಪಡೆಯಬಹುದು.